ಅಪ್ಪನ ರೈಫಲ್ಲಿಗೆ ಬೆಲೆ ಕಟ್ಟಿದ್ದು

ಹಳೆ ಬೈಕು ಮಾರಬೇಕಾದರೆ ಕಷ್ಟವಿಲ್ಲ. ಮೊಬೈಲ್ ತೆಗೆದು ಮಾಡೆಲ್ಲು, ವರ್ಷ, ಎಷ್ಟು ಕಿಲೋಮೀಟರ್ ಓಡಿದೆ ಅಂತ ಹಾಕಿದರೆ ಒಂದು ಅಂದಾಜು ಬೆಲೆ ಸಿಗುತ್ತದೆ. ಹಳೆ ಬಂದೂಕಿಗೆ ಹಾಗೆ ಯಾರೂ ಬೆಲೆ ಬರೆದಿಟ್ಟಿಲ್ಲ. ನೆಟ್ಟಿನಲ್ಲಿ ಹುಡುಕಿದರೆ ಬರೋದೆಲ್ಲ ಅಮೆರಿಕದ ಲೆಕ್ಕ, ಡಾಲರಿನಲ್ಲಿ. ಅಲ್ಲಿ ಪೇಟೆಯೇ ಬೇರೆ. ಆ ಲೆಕ್ಕ ಹಿಡಿದುಕೊಂಡು ಸಂಡೂರಿನಲ್ಲಿ ಕೂತು ರೈಫಲ್ ಮಾರೋಕಾಗಲ್ಲ.

ನಮ್ಮ ಮನೆಯದು ಪಾಯಿಂಟ್ 315 ರೈಫಲ್ಲು. ಪಶ್ಚಿಮ ಬಂಗಾಳದ ಇಚ್ಛಾಪುರದ ಸರ್ಕಾರಿ ಕಾರ್ಖಾನೆಯದು. ಅಪ್ಪ 1978ರಲ್ಲಿ ಹೊಲದ ಕಾವಲಿಗೆ ಅಂತ ಲೈಸೆನ್ಸ್ ಮಾಡಿಸಿ ಕೊಂಡಿದ್ದು. ಈಗ ಅಪ್ಪನಿಗೆ ಎಪ್ಪತ್ತು ದಾಟಿದೆ, ಒಂದು ಕಣ್ಣಿಗೆ ಪೊರೆ ತೆಗೆಸಿದ್ದಾಯಿತು, ಇನ್ನೊಂದು ಬಾಕಿ ಇದೆ. 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಲೈಸೆನ್ಸ್‌ದಾರರಿಗೆ ಎಪ್ಪತ್ತು ವರ್ಷ ಆದರೆ, ಇಲ್ಲವೇ ಬಂದೂಕು ಇಟ್ಟುಕೊಂಡು 25 ವರ್ಷ ಆಗಿದ್ದರೆ, ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬಹುದು. ನಾನು ಕೇಳಲಿಲ್ಲ. ನಾನು ತೋರಣಗಲ್ಲಿನಲ್ಲಿ ಶಿಫ್ಟ್ ಮೇಲೆ ಕೆಲಸ ಮಾಡುವವನು, ರಾತ್ರಿ ಪಾಳಿ ಇದ್ದಾಗ ಮನೆಯಲ್ಲಿ ಹೆಂಡತಿ ಮಕ್ಕಳು ಮಾತ್ರ ಇರುತ್ತಾರೆ, ಆ ಕಪಾಟಿನ ಬೀಗದ ಕೈ ಎಲ್ಲಿಡೋದು ಅನ್ನೋದೇ ನನಗೊಂದು ತಲೆನೋವು. ಮಾರೋಣ ಅಂತಾಯಿತು. ಅಪ್ಪ ಒಂದು ದಿನ ಮಾತಾಡಲಿಲ್ಲ, ಮರುದಿನ ಅವರೇ ಕಾಗದಪತ್ರದ ಚೀಲ ತಂದು ಮುಂದಿಟ್ಟರು.

ಸರಿ, ಎಷ್ಟಕ್ಕೆ?

ನಮ್ಮ ಮಾವ ಒಬ್ಬರಿದ್ದಾರೆ, ಎಲ್ಲದಕ್ಕೂ ಒಂದು ರೇಟು ಹೇಳುವವರು. "ಲೇ, ಅದು ಶಿಕಾರಿ ರೈಫಲ್ಲು. ಒಂದೂವರೆ ಲಕ್ಷಕ್ಕೆ ಒಂದು ರೂಪಾಯಿ ಕಡಿಮೆ ಮಾಡಬೇಡ" ಅಂದರು. ಬೆಂಗಳೂರಿನ ಒಂದು ಬಂದೂಕಿನ ಅಂಗಡಿಗೆ ಫೋನ್ ಮಾಡಿದೆ. ಅವರು ಫೋಟೋ ಕೂಡ ಕೇಳದೆ, "ತ್ರೀ ಫಿಫ್ಟೀನ್ ಅಲ್ವಾ, 20 ಸಾವಿರ ನೋಡಬಹುದು ಸರ್" ಅಂದರು. ಪಕ್ಕದ ಹೊಲದ ಕಾಕಾ ಅಂತೂ, ಇದನ್ನು ಯಾರು ಕೊಳ್ಳುತ್ತಾರಪ್ಪ, ಸುಮ್ನೆ ಸ್ಟೇಷನ್ನಿಗೆ ಒಪ್ಪಿಸಿ ಕೈ ತೊಳೆದುಕೋ ಅಂದುಬಿಟ್ಟ. ಒಂದೇ ರೈಫಲ್ಲಿಗೆ ಒಂದೂವರೆ ಲಕ್ಷವೂ ಉಂಟು, ಸೊನ್ನೆಯೂ ಉಂಟು.

ಕೇಳುತ್ತಾ ಹೋದ ಹಾಗೆ ನನಗೆ ಗೊತ್ತಾಗಿದ್ದು ಇಷ್ಟು. ಬಂದೂಕಿನ ಬೆಲೆ ಅಂತ ನಾವು ಏನು ಹೇಳುತ್ತೇವೋ ಅದರಲ್ಲಿ ಅರ್ಧ ಬಂದೂಕಿನದು, ಇನ್ನರ್ಧ ಲೈಸೆನ್ಸಿನದು. ಕೊಳ್ಳೋಕೆ ಆಸೆ ಇರುವವರು ಸಾವಿರ ಜನ ಸಿಗುತ್ತಾರೆ, ದುಡ್ಡಿರುವವರೂ ಸಿಗುತ್ತಾರೆ. ಆದರೆ ಲೈಸೆನ್ಸ್ ಇದ್ದು, ಅದರಲ್ಲಿ ಜಾಗ ಖಾಲಿ ಇದ್ದು, ಇದೇ ಬೋರಿಗೆ, ಅಂದರೆ ಇದೇ ಅಳತೆಯ ನಳಿಗೆಗೆ, ಅನುಮತಿ ಇರುವವರು ನಮ್ಮ ಸುತ್ತಮುತ್ತ ಬೆರಳೆಣಿಕೆಯಷ್ಟು. ಅವರಿಗೆ ಅದು ಎಷ್ಟು ಬೇಕಾಗಿದೆ ಅನ್ನೋದರ ಮೇಲೆ ಬೆಲೆ ನಿಲ್ಲುತ್ತದೆ.

ಮೊದಲು ಮಾವನ ಆ "ಶಿಕಾರಿ" ಮಾತು ಮುಗಿಸಿಬಿಡುತ್ತೇನೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯ್ದೆ, ಆಮೇಲೆ ಅದರ 1991ರ ತಿದ್ದುಪಡಿ ಬಂದ ಮೇಲೆ ಶಿಕಾರಿ ಅನ್ನೋದು ಮುಗಿದ ಕತೆ. ಹೊಲಕ್ಕೆ ನುಗ್ಗುವ ಹಂದಿ ಹೊಡೆಯಬೇಕಾದರೂ ಅರಣ್ಯ ಇಲಾಖೆಯ ಅನುಮತಿ ಬೇಕು. ಅಪ್ಪ ಈ ರೈಫಲ್ ಕೊಂಡಿದ್ದೇ ಕಾಯ್ದೆ ಬಂದ ಮೇಲೆ. ಶೇಂಗಾ ಹೊಲದಲ್ಲಿ ಮಂಚಿಕೆ ಹಾಕಿ ಕೂತು, ಹಂದಿ ಹಿಂಡು ಬಂದಾಗ ಮೇಲಕ್ಕೆ ಒಂದು ಹೊಡೆದು ಓಡಿಸುತ್ತಿದ್ದರು, ಅಷ್ಟೇ. ಆ ಕೆಲಸಕ್ಕೆ ರೈಫಲ್ ಯಾಕೆ ಬೇಕಿತ್ತು, 12 ಬೋರಿನ ಛರ್ರೆ ಬಂದೂಕು ಸಾಕಾಗಿತ್ತಲ್ಲ ಅಂತ ನಾನು ಕೇಳಿದ್ದುಂಟು. "ಆಗ ಅದೇ ಸಿಕ್ತು" ಅನ್ನುತ್ತಾರೆ. ಸೊಗಸಿಗೆ ಕೊಂಡಿದ್ದಾರೆ ಅಂತ ನನ್ನ ಗುಮಾನಿ.

ಸಂಡೂರು ಸಂಸ್ಥಾನದ ಊರು. 1949ರವರೆಗೆ ಘೋರ್ಪಡೆ ಮನೆತನದ ಆಳ್ವಿಕೆ ಇತ್ತು. ಈ ಗುಡ್ಡಗಳಲ್ಲಿ ಹುಲಿ ಹೊಡೆದ ಕತೆ ಹೇಳುವ ಮುದುಕರು ನನ್ನ ಚಿಕ್ಕಂದಿನಲ್ಲೂ ಇದ್ದರು. ಅದೇ ಮನೆತನದ ಎಂ. ವೈ. ಘೋರ್ಪಡೆ ಮುಂದೆ ರಾಜ್ಯದ ಹಣಕಾಸು ಮಂತ್ರಿ ಆದರು, ಕಾಡುಪ್ರಾಣಿಗಳನ್ನು ಕ್ಯಾಮೆರಾದಲ್ಲಿ ಹಿಡಿದು ಹೆಸರು ಮಾಡಿದರು. ಕಾಲ ಬದಲಾಗಿದ್ದನ್ನು ಇದಕ್ಕಿಂತ ಬೇರೆ ಹೇಳಬೇಕಾ? ಹಾಗಾಗಿ ಇದರಲ್ಲಿ ಅದನ್ನು ಹೊಡೆದಿದ್ದಾರೆ ಇದನ್ನು ಹೊಡೆದಿದ್ದಾರೆ ಅಂತ ಕತೆ ಕಟ್ಟಿದರೆ ಬೆಲೆ ಒಂದು ರೂಪಾಯಿ ಏರಲ್ಲ. ಕೊಳ್ಳುವವನು ತಿಳಿದವನಾದರೆ ಅನುಮಾನಪಟ್ಟು ಎದ್ದು ಹೋಗುತ್ತಾನೆ.

ಈಗ ರೈಫಲ್ಲಿನ ಜಾತಕ. ಪಾಯಿಂಟ್ 315 ಅಂದರೆ 8 ಎಂಎಂ ಗುಂಡು. ಬ್ರಿಟಿಷರ ಕಾಲದಲ್ಲಿ ಮಿಲಿಟರಿಯದು ಪಾಯಿಂಟ್ 303. ಆ ಕಾಡತೂಸು ಹೊರಗಿನವರ ಬಂದೂಕಿಗೆ ಹೊಂದಬಾರದು ಅಂತ ಸಾಮಾನ್ಯರಿಗೆ ಬೇರೆ ಅಳತೆಯದನ್ನು ಕೊಟ್ಟರು. 303 ಇವತ್ತಿಗೂ ಸಾಮಾನ್ಯ ಲೈಸೆನ್ಸಿಗೆ ಸಿಗಲ್ಲ, 315 ಸಿಗುತ್ತದೆ. ಒಳಗಿನ ಕಟ್ಟು ಮಾತ್ರ ಅದೇ ಹಳೆ ಲೀ-ಎನ್‌ಫೀಲ್ಡ್ ಮಿಲಿಟರಿ ರೈಫಲ್ಲಿನ ಬೋಲ್ಟಿನದು, ಅಂದರೆ ಪ್ರತಿ ಗುಂಡಿಗೂ ಹಿಡಿಯನ್ನು ಕೈಯಲ್ಲಿ ಹಿಂದಕ್ಕೆಳೆದು ಮುಂದಕ್ಕೆ ತಳ್ಳಬೇಕು. ಗಟ್ಟಿಮುಟ್ಟು, ಹಾಳಾಗೋದು ಕಷ್ಟ. ಸ್ವಾತಂತ್ರ್ಯದ ಮುಂಚಿನ ಬಿಎಸ್‌ಎ ಕಂಪನಿಯ 315 ಇದ್ದರೆ ಅದರ ಮಾತು ಬೇರೆ, ಅದು ಬರ್ಮಿಂಗ್‌ಹ್ಯಾಮಿನದು, ಹುಡುಕಿಕೊಂಡು ಬರುವವರಿದ್ದಾರೆ. ನಮ್ಮದು ಇಚ್ಛಾಪುರದ್ದು. ಈಗಲೂ ಸರ್ಕಾರಿ ಕಾರ್ಖಾನೆಯಲ್ಲಿ ಹೊಸದು ತಯಾರಾಗುತ್ತಿದೆ. 2021ರಲ್ಲಿ ಈ ಕಾರ್ಖಾನೆಗಳನ್ನು ನಡೆಸುತ್ತಿದ್ದ ಆರ್ಡ್‌ನೆನ್ಸ್ ಫ್ಯಾಕ್ಟರಿ ಬೋರ್ಡನ್ನು ಏಳು ಕಂಪನಿ ಮಾಡಿದರಲ್ಲ, ಅದರಲ್ಲಿ ಬಂದೂಕಿನದೆಲ್ಲ ಕಾನ್ಪುರದಲ್ಲಿ ಮುಖ್ಯ ಕಚೇರಿ ಇರುವ ಕಂಪನಿಗೆ ಹೋಯಿತು.

ಹೊಸದು ಸಿಗುತ್ತದೆ ಅನ್ನೋದೇ ನನಗೆ ಸಿಕ್ಕ ಮೊದಲ ಆಧಾರ. ಹೊಸದರ ಬೆಲೆಗಿಂತ ಹಳೆಯದಕ್ಕೆ ಯಾವ ಬುದ್ಧಿವಂತನೂ ಜಾಸ್ತಿ ಕೊಡಲ್ಲ. ನಾನು ಫೋನಿನಲ್ಲಿ ವಿಚಾರಿಸಿದಾಗ ತೆರಿಗೆ ಎಲ್ಲ ಸೇರಿ ಲಕ್ಷದ ಆಸುಪಾಸು ಅಂದರು. ಅಂದರೆ ಮಾವನ ಒಂದೂವರೆ ಲಕ್ಷ ಅಲ್ಲಿಗೇ ಬಿದ್ದುಹೋಯಿತು. ಹೊರದೇಶದ ಬಂದೂಕಿಗೆ ಈ ಲೆಕ್ಕ ಹಿಡಿಯಲ್ಲ, ಅದೂ ಹೇಳಬೇಕು. 1980ರ ದಶಕದಿಂದ ಸಾಮಾನ್ಯ ಲೈಸೆನ್ಸ್‌ದಾರರಿಗೆ ಆಮದು ನಿಂತುಹೋಯಿತು. ಅದಕ್ಕೇ ಹಳೆ ಇಂಗ್ಲೆಂಡಿನ ಜೋಡಿ ನಳಿಗೆ ಬಂದೂಕು, ಜೆಕ್ ದೇಶದ ಬ್ರನೋ ರೈಫಲ್ಲು ಇವಕ್ಕೆಲ್ಲ ಊಹೆಗೆ ನಿಲುಕದ ರೇಟು. ಅಂಥ ಬಂದೂಕು ಮುದುಕಾದಷ್ಟೂ ಏರುತ್ತದೆ. ನಮ್ಮ ದೇಶದ್ದು ಮುದುಕಾದರೆ ಇಳಿಯುತ್ತದೆ.

ಹಾಗಾದರೆ ಲಕ್ಷದಿಂದ ಎಷ್ಟು ಕಳೆಯಬೇಕು? ಇಲ್ಲಿ ಯಾರು ಕೊಳ್ಳುತ್ತಾರೆ ಅನ್ನೋದು ನೋಡಬೇಕಾಯಿತು. ಬ್ಯಾಂಕು, ಎಟಿಎಂ ದುಡ್ಡಿನ ಗಾಡಿ, ಇಂಥ ಕಡೆ ಸೆಕ್ಯುರಿಟಿ ಕೆಲಸಕ್ಕೆ ಹೋಗುವ ಮಾಜಿ ಸೈನಿಕರಿಗೆ ಬೇಕಾಗೋದು 12 ಬೋರ್. ಗುರಿ ಸ್ಪರ್ಧೆಗೆ ಹೋಗುವ ಹುಡುಗರಿಗೆ ಬೇಕಾಗೋದು ಪಾಯಿಂಟ್ 22. ಇವರ ಮಧ್ಯೆ 315 ಕೇಳುವವರು ಅಂದರೆ ಒಂಟಿ ತೋಟದ ಮನೆಯವರು, ಸ್ವಲ್ಪ ಸೊಗಸು ಬಯಸುವವರು, ಮಿಲಿಟರಿಯಲ್ಲಿ ಬೋಲ್ಟ್ ರೈಫಲ್ ಹಿಡಿದು ಅಭ್ಯಾಸ ಇರುವ ಹಳಬರು. ಅದರ ಮೇಲೆ 2019ರ ತಿದ್ದುಪಡಿ ಬಂತು. ಮುಂಚೆ ಒಬ್ಬರು ಮೂರು ಬಂದೂಕು ಇಟ್ಟುಕೊಳ್ಳಬಹುದಿತ್ತು, ಈಗ ಎರಡೇ. ಮೂರನೆಯದನ್ನು ಒಂದು ವರ್ಷದೊಳಗೆ ಠಾಣೆಗೋ ಅಂಗಡಿಗೋ ಒಪ್ಪಿಸಬೇಕಾಗಿತ್ತು. ಮೂರು ಇದ್ದವನು ಯಾವುದನ್ನು ಬಿಟ್ಟಿರುತ್ತಾನೆ ಹೇಳಿ? ವಿದೇಶಿಯದನ್ನಂತೂ ಬಿಡಲ್ಲ, ಕೈಗೆ ಹಗುರ ಇರುವ ಪಿಸ್ತೂಲನ್ನೂ ಬಿಡಲ್ಲ. ಇಂಥ ಇಚ್ಛಾಪುರದ ರೈಫಲ್ಲನ್ನೇ ಬಿಡೋದು. ಅಂಗಡಿಯವನಿಗೆ ನನ್ನದು ಬೇಕಾಗಿಯೇ ಇಲ್ಲ ಅನ್ನೋ ಧ್ವನಿ ಯಾಕೆ ಬಂತು ಅಂತ ಆಗ ತಿಳಿಯಿತು.

ಅಂಗಡಿಯವನ ಪರವಾಗಿಯೂ ಒಂದು ಮಾತು. 20 ಸಾವಿರ ಅಂದಾಗ ನನಗೆ ಸಿಟ್ಟು ಬಂದಿತ್ತು. ಆದರೆ ಅವನು ಅದನ್ನು ಲೆಕ್ಕಕ್ಕೆ ತಗೊಂಡು, ಎಣ್ಣೆ ಹಾಕಿ, ಸ್ಟ್ರಾಂಗ್ ರೂಮಿನಲ್ಲಿಟ್ಟು, ಇನ್ಸ್‌ಪೆಕ್ಷನ್ ಬಂದಾಗಲೆಲ್ಲ ತೋರಿಸಿ, ಗಿರಾಕಿ ಬರೋವರೆಗೆ ದುಡ್ಡು ಅದರಲ್ಲೇ ಸಿಕ್ಕಿಸಿಕೊಂಡು ಕೂರಬೇಕು. ಗಿರಾಕಿ ಮುಂದಿನ ತಿಂಗಳು ಬರಬಹುದು, ಮೂರು ವರ್ಷ ಬಿಟ್ಟೂ ಬರಬಹುದು. ಅದು ತಕ್ಷಣ ಕೈಗೆ ದುಡ್ಡು ಬೇಕು ಅನ್ನುವವರ ರೇಟು. ಅಂಗಡಿಯಲ್ಲೇ ಇಟ್ಟು, ಮಾರಾಟ ಆದಾಗ ಕಮಿಷನ್ ಕೊಡುವ ಪದ್ಧತಿಯೂ ಇದೆ. ಆದರೆ ತಿಂಗಳಿಗೆ ಇಷ್ಟು ಅಂತ ಬಾಡಿಗೆ ಕೇಳುವವರು ಇರುತ್ತಾರೆ. ಎರಡು ವರ್ಷ ಮಾರಾಟವಾಗದಿದ್ದರೆ ಆ ಬಾಡಿಗೆಯೇ ರೈಫಲ್ಲನ್ನು ನುಂಗುತ್ತದೆ. ಮೊದಲೇ ಕೇಳಿಕೊಳ್ಳಿ.

ಇನ್ನು ಸ್ಥಿತಿ. ಇದನ್ನು ನಾನು ಬಿಡಿಸಿಯೇ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆ ಬಂದೂಕು ನೋಡೋಕೆ ಬಂದವರು ಮರದ ಬಟ್ಟನ್ನು ಸವರಿ, ಹೆಗಲಿಗೆ ಒತ್ತಿ, ಚೆನ್ನಾಗಿದೆ ಅಂದುಬಿಡುತ್ತಾರೆ. ಎತ್ತು ಕೊಳ್ಳುವಾಗ ಹಲ್ಲು ನೋಡದೆ ಕೊಂಬಿನ ಬಣ್ಣ ನೋಡಿದ ಹಾಗಾಯಿತು. ರೈಫಲ್ಲಿನ ಹಲ್ಲು ಇರೋದು ನಳಿಗೆಯ ಒಳಗೆ.

ಒಂದು ಭಾನುವಾರ ಅಂಗಳದಲ್ಲಿ ಮಂಚ ಹಾಕಿ, ಹಳೆ ಪೇಪರ್ ಹಾಸಿ ಕೂತೆವು. ಮೊದಲು ಮ್ಯಾಗಜೀನ್ ತೆಗೆದು, ಬೋಲ್ಟ್ ಹಿಂದಕ್ಕೆ ಎಳೆದು, ಒಳಗೆ ಏನೂ ಇಲ್ಲ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡಿದ್ದಾಯಿತು. ಆಮೇಲೆ ಅಪ್ಪ ಬೋಲ್ಟಿನ ತಲೆಯನ್ನು ಮೇಲಕ್ಕೆತ್ತಿ, ಇಡೀ ಬೋಲ್ಟನ್ನೇ ಹಿಂದಿನಿಂದ ಜಾರಿಸಿ ತೆಗೆದರು. ಕಣ್ಣು ಕಾಣದಿದ್ದರೂ ಕೈಗೆ ಎಲ್ಲ ಗೊತ್ತು. ನಾನು ಬಿಳಿ ಹಾಳೆಯ ಮೇಲೆ ಟಾರ್ಚ್ ಬಿಟ್ಟು, ಆ ಬೆಳಕು ಬರುವ ಹಾಗೆ ಹಿಡಿದು ಹಿಂದಿನ ತೂತಿನಿಂದ ನೋಡಿದೆ. ಒಳಗಿನ ಸುರುಳಿ ಗೆರೆಗಳು ಹೊಳೆಯುತ್ತಾ ತಿರುಗಿಕೊಂಡು ಹೋಗಬೇಕು, ಅಂಚು ಚೂಪಾಗಿರಬೇಕು. ನಮ್ಮದರಲ್ಲಿ ಮುಕ್ಕಾಲು ಭಾಗ ಹಾಗೇ ಇತ್ತು. ಗುಂಡು ಹೊರಬೀಳುವ ಬಾಯಿಯ ಹತ್ತಿರ ಬರುತ್ತಾ ಮಬ್ಬು, ಗೆರೆಯ ಮೂಲೆಯಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು. ಎಣ್ಣೆ ಬಟ್ಟೆ ಎಳೆದ ಮೇಲೆ ಕೆಲವು ಹೋದವು, ಕೆಲವು ಹೋಗಲಿಲ್ಲ. ಹೋಗದೆ ಉಳಿದದ್ದು ತುಕ್ಕು ತಿಂದ ಗುಳಿ.

ಅದು ಎಲ್ಲಿಂದ ಬಂತು? ಹಳೆ ಕಾಲದ ಎಷ್ಟೋ ಕಾಡತೂಸುಗಳ ಕ್ಯಾಪಿನ ಮದ್ದು ಸುಟ್ಟ ಮೇಲೆ ನಳಿಗೆಯಲ್ಲಿ ಒಂಥರಾ ಉಪ್ಪು ಉಳಿಯುತ್ತದೆ. ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ, ತೇವ ಕಬ್ಬಿಣ ತಿನ್ನುತ್ತದೆ. ಬರೀ ಎಣ್ಣೆ ಹಾಕಿದರೆ ಉಪ್ಪು ಹೋಗಲ್ಲ, ನೀರೇ ಬೇಕು. ಅಪ್ಪ ಹೊಡೆದ ದಿನವೇ ಲಾಳಿಕೆ ಇಟ್ಟು ಕುದಿಯುವ ನೀರು ಸುರಿದು, ಒರೆಸಿ, ಆಮೇಲೆ ಎಣ್ಣೆ ಹಾಕುತ್ತಿದ್ದರು. ಬಂದೂಕಿಗೆ ಬಿಸಿ ನೀರು ಹಾಕೋದು ನೋಡಿ ಅಮ್ಮ ನಗುತ್ತಿದ್ದಳು. ಆ ಬಿಸಿ ನೀರೇ ನಮ್ಮ ರೈಫಲ್ಲಿನ ಬೆಲೆ ಉಳಿಸಿದ್ದು ಅಂತ ಈಗ ಅನಿಸುತ್ತದೆ.

ಇನ್ನೊಂದು ಕಾರಣ ನಮ್ಮ ಕಡೆ ಎಲ್ಲರಿಗೂ ಗೊತ್ತಿರೋದೇ. ಚುನಾವಣೆ ಬಂದಾಗ ಬಂದೂಕು ಠಾಣೆಗೆ ಹೋಗುತ್ತದೆ. 2023ರ ಮೇನಲ್ಲಿ ವಿಧಾನಸಭೆ, 2024ರ ಮೇನಲ್ಲಿ ಲೋಕಸಭೆ, ಅದಾದ ಮೇಲೆ ಸಂಡೂರಿಗೆ ಮಾತ್ರ ಅದೇ ವರ್ಷದ ನವೆಂಬರಿನಲ್ಲಿ ಉಪಚುನಾವಣೆ. ನಮ್ಮ ರೈಫಲ್ಲಿಗೆ ಮನೆಗಿಂತ ಅಲ್ಲಿಯೇ ಅಭ್ಯಾಸ ಆಗಿಹೋಗಿತ್ತು. ನೂರಾರು ಬಂದೂಕು ಸಾಲಾಗಿ ನಿಂತಿರುವ ಕಡೆ ಒಂದೊಂದಕ್ಕೂ ಎಣ್ಣೆ ಹಾಕಿ ಅಂತ ಯಾರಿಗೆ ಹೇಳೋಕಾಗುತ್ತೆ, ಅದು ಅವರ ಕೆಲಸವೂ ಅಲ್ಲ. ಒಪ್ಪಿಸುವ ಮುಂಚೆ ನಳಿಗೆಗೆ ದಪ್ಪ ಗ್ರೀಸ್ ಬಳಿದು, ಬಟ್ಟೆಯ ಕವರ್ ಇಲ್ಲದೆ ಕೊಡೋದು ಒಳ್ಳೆಯದು. ಬಟ್ಟೆ ತೇವ ಹಿಡಿದಿಟ್ಟುಕೊಳ್ಳುತ್ತದೆ. ವಾಪಸ್ ತಂದ ಮೇಲೆ ಗ್ರೀಸ್ ಪೂರ್ತಿ ತೆಗೆಯದೆ ಹೊಡೆಯಬಾರದು, ಅದು ನೆನಪಿರಲಿ.

ಬಾಯಿಯ ಅಂಚು ಕೂಡ ನೋಡಬೇಕು. ವರ್ಷಗಟ್ಟಲೆ ಮುಂದಿನಿಂದ ದಾರ, ಸಲಾಕೆ ಎಳೆದಾಡಿದರೆ ಆ ಅಂಚು ಒಂದು ಕಡೆ ಸವೆಯುತ್ತದೆ, ಗುಂಡು ನೆಟ್ಟಗೆ ಹೋಗಲ್ಲ. ಕೆಲವರು ಕಾಡತೂಸನ್ನು ಬಾಯಿಗೆ ತೂರಿಸಿ ಎಷ್ಟು ಒಳಗೆ ಹೋಗುತ್ತೆ ಅಂತ ನೋಡುತ್ತಾರೆ. ಜೀವಂತ ಕಾಡತೂಸಿನಲ್ಲಿ ಆ ಆಟ ಬೇಡ. ತಿಳಿದ ಮಿಸ್ತ್ರಿಯ ಹತ್ತಿರ ಅದಕ್ಕೆ ಅಂತಲೇ ಅಳತೆ ಕಡ್ಡಿ ಇರುತ್ತದೆ.

ಆಮೇಲೆ ನಂಬರು. ಬೋಲ್ಟಿನ ಮೇಲಿನ ನಂಬರೂ ಬಾಡಿಯ ನಂಬರೂ ಒಂದೇ ಇರಬೇಕು. ಈ ಜಾತಿಯ ರೈಫಲ್ಲಿನಲ್ಲಿ ಬೋಲ್ಟನ್ನು ಆಯಾ ನಳಿಗೆಗೆ ಕೂರಿಸಿ ತಿದ್ದಿರುತ್ತಾರೆ. ಬೇರೆಯದರ ಬೋಲ್ಟ್ ಹಾಕಿದರೆ ಕಾಡತೂಸಿನ ಹಿಂದೆ ಜಾಗ ಹೆಚ್ಚುಕಮ್ಮಿ ಆಗಿ ಖೋಲು ಒಡೆಯುವ ಭಯ. ನಂಬರ್ ಹೊಂದದಿದ್ದರೆ ಬೆಲೆಯ ಮಾತು ಬಿಡಿ, ಮಿಸ್ತ್ರಿಗೆ ತೋರಿಸದೆ ಹೊಡೆಯಲೇಬಾರದು. ನಂಬರ್ ಉಜ್ಜಿದ್ದರಂತೂ ಮುಟ್ಟೋಕೆ ಹೋಗಬೇಡಿ, ಗುರುತಿನ ನಂಬರ್ ಇಲ್ಲದ ಬಂದೂಕು ಮಾರೋದೇ ಅಪರಾಧ. ನಮ್ಮದರಲ್ಲಿ ಬಾಡಿ, ಬೋಲ್ಟು, ಲೈಸೆನ್ಸ್ ಪುಸ್ತಕ, ಕೊಂಡಾಗಿನ ರಸೀದಿ ಎಲ್ಲದರಲ್ಲೂ ಒಂದೇ ನಂಬರ್. ಆ ಹಳದಿಯಾದ ರಸೀದಿಯನ್ನು ಅಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟಿದ್ದರು. ಬೋಲ್ಟಿನ ಹಿಂದೆ, ಮರ ಸೇರುವ ಕಡೆ ಮಾತ್ರ ಉಗುರಿನಷ್ಟು ಉದ್ದದ ಬಿರುಕು ಇತ್ತು.

ಆ ಬಿರುಕಿಗೆ ಫೆವಿಕಾಲ್ ಹಾಕಿ, ಇಡೀ ಬಟ್ಟಿಗೆ ವಾರ್ನಿಷ್ ಹೊಡೆಸಿಬಿಡು, ಹೊಸದರ ಹಾಗೆ ಹೊಳೆಯುತ್ತೆ ಅಂತ ಮಾವನ ಸಲಹೆ. ಬೇಡ ಅಂದೆ. ಹೊಳೆಯುವ ಹಳೆ ಬಂದೂಕು ನೋಡಿದರೆ ತಿಳಿದವರಿಗೆ ಮೊದಲು ಬರುವ ಯೋಚನೆಯೇ ಏನು ಮುಚ್ಚಿಟ್ಟಿದ್ದಾನೆ ಅಂತ. ನಳಿಗೆಗೆ ಕಪ್ಪು ಬಣ್ಣ ಹೊಡೆಸಿದ್ದರೆ ಇನ್ನೂ ಕೆಟ್ಟದು. ಚರ್ಮದ ಪಟ್ಟಿ, ಕವರು, ಕ್ಲೀನಿಂಗ್ ರಾಡು ಇವೆಲ್ಲ ಜೊತೆಗೆ ಕೊಡುವ ಸಾಮಾನು, ಅವಕ್ಕೆ ಬೇರೆ ಬೆಲೆ ಇಲ್ಲ. ಇದು ಹತ್ತಿಪ್ಪತ್ತು ಗುಂಡು ಹೊಡೆದಿದ್ದು ಅಷ್ಟೇ ಅನ್ನುವ ಮಾತಿಗೂ ಬೆಲೆ ಇಲ್ಲ. ಕಮ್ಮಿ ಹೊಡೆದು ತೊಳೆಯದೆ ಇಟ್ಟ ನಳಿಗೆಗಿಂತ, ಜಾಸ್ತಿ ಹೊಡೆದು ತೊಳೆದಿಟ್ಟ ನಳಿಗೆ ಎಷ್ಟೋ ಮೇಲು.

ಕೊನೆಗೆ ನನ್ನ ಲೆಕ್ಕ ಹೀಗೆ ಕೂತಿತು. ಹೊಸದು ಲಕ್ಷ ಅಂತ ಹಿಡಿದರೆ, ವಯಸ್ಸಿಗೂ ಗಿರಾಕಿ ಕಮ್ಮಿ ಇರೋದಕ್ಕೂ ಸೇರಿ ಅರ್ಧ ಹೋಯಿತು. ಹೊಸದರ ಮುಕ್ಕಾಲು ಕೊಡುವ ಶಕ್ತಿ ಇರುವವನು ಇನ್ನಷ್ಟು ಸೇರಿಸಿ ಹೊಸದನ್ನೇ ತಗೊಳ್ಳುತ್ತಾನೆ ಅಲ್ವಾ? ಉಳಿದ 50ರಲ್ಲಿ ಬಾಯಿಯ ಹತ್ತಿರದ ಗುಳಿಗೂ ಬಿರುಕಿಗೂ ಒಂದು ಐದು ಸಾವಿರ ಕಳೆದೆ. ಕಾಗದ ಚೊಕ್ಕ ಇರೋದಕ್ಕೆ ನಾನು ಏನೂ ಕೂಡಿಸಲಿಲ್ಲ. ಚೊಕ್ಕ ಕಾಗದ ಇಲ್ಲದಿದ್ದರೆ ಮಾರಾಟವೇ ಇಲ್ಲವಲ್ಲ. 45 ಸಾವಿರ. ಅದಕ್ಕಿಂತ ಕೆಳಗೆ ಬೇಡ, ಹೇಳುವಾಗ 55 ಹೇಳೋಣ ಅಂತ ಅಪ್ಪನ ಹತ್ತಿರ ಮಾತಾಡಿಕೊಂಡೆ. ಚೌಕಾಸಿಗೆ ಜಾಗ ಬಿಡದೆ ನಮ್ಮ ಕಡೆ ಮೆಣಸಿನಕಾಯಿ ಕೂಡ ಮಾರೋಕಾಗಲ್ಲ.

ಮೊದಲು ಬಂದವನು ಒಬ್ಬ ವಿಚಿತ್ರ ಮನುಷ್ಯ. ಯಾರದೋ ಕಡೆಯಿಂದ ನಂಬರ್ ಸಿಕ್ಕಿತಂತೆ. ರೈಫಲ್ ನೋಡಲೇ ಇಲ್ಲ. "ಅಣ್ಣಾ, 90 ಕೊಡ್ತೀನಿ, ಕಾಗದ ಗೀಗದ ಬ್ಯಾಡ, ಕಳುವಾತು ಅಂತ ಬರೆದು ಕೊಡ್ರಿ" ಅಂದ. ಅಪ್ಪ ಒಳಗಿದ್ದವರು ಹೊರಗೆ ಬಂದು ಗೇಟು ತೋರಿಸಿದರು. ಲೈಸೆನ್ಸ್ ಇಲ್ಲದವನಿಗೆ ಕದ್ದು ಮಾರಿದರೆ 2019ರ ನಂತರ ಏಳು ವರ್ಷಕ್ಕೆ ಕಮ್ಮಿ ಇಲ್ಲದ ಜೈಲು, ಜೀವಾವಧಿವರೆಗೂ ಹೋಗಬಹುದು. ನ್ಯಾಯವಾದ ಬೆಲೆಗಿಂತ ಎರಡು ಪಟ್ಟು ಯಾರಾದರೂ ಕೊಡುತ್ತೇನೆ ಅಂದರೆ ಅವನು ಕೊಳ್ಳುತ್ತಿರೋದು ಬಂದೂಕನ್ನಲ್ಲ, ನಿಮ್ಮ ಹೆಸರನ್ನು.

ಕೊಂಡವರು ಕೂಡ್ಲಿಗಿ ಕಡೆಯವರು, ನಿವೃತ್ತ ಸುಬೇದಾರರು. ಗುಡೇಕೋಟೆ ಕಡೆ ತೋಟ, ಕರಡಿ ಕಾಟ ಇರುವ ಜಾಗ. ಬಂದವರೇ ಚಹಾ ಆಮೇಲೆ ಅಂದರು. ಬೋಲ್ಟ್ ತೆಗೆದು, ಹೆಬ್ಬೆರಳಿನ ಉಗುರನ್ನು ತೂತಿನ ಹತ್ತಿರ ಹಿಡಿದು, ಉಗುರಿನ ಬೆಳಕಿನಲ್ಲಿ ನಳಿಗೆ ನೋಡಿದರು. ಟಾರ್ಚು ಬೇಡವೇ ಬೇಡ. "ಮುಂದ ಸ್ವಲ್ಪ ತಿಂದೈತಿ" ಅಂದರು. ಹೌದು ಸರ್, ಬಿರುಕೂ ಇದೆ ನೋಡಿ ಅಂತ ನಾನೇ ತೋರಿಸಿದೆ. ಅಷ್ಟು ಹೇಳಿದ ಮೇಲೆ ಚೌಕಾಸಿ ಸಲೀಸಾಯಿತು. ಅವರು 40ಕ್ಕೆ ಬಂದರು, ನಾನು 50ಕ್ಕೆ ಇಳಿದೆ. ಅಪ್ಪ ಮಧ್ಯೆ ಬಾಯಿ ಹಾಕಿ, "ಸುಬೇದಾರ್ ಸಾಹೇಬ್ರ, ನೀರು ಹಾಕಿ ತೊಳೀತೀರೇನು ಹೇಳ್ರಿ ಮೊದ್ಲು" ಅಂದರು. ಅವರು ನಕ್ಕರು. 45ಕ್ಕೆ ನಿಂತಿತು.

ಆದರೆ ಅವತ್ತೇ ಕೊಟ್ಟು ಕಳಿಸೋ ಹಾಗಿಲ್ಲ. ಆರ್ಮ್ಸ್ ಕಾಯ್ದೆಯ ಐದನೇ ಸೆಕ್ಷನ್ ಪ್ರಕಾರ, ಮಾರುವ ಉದ್ದೇಶ ಇದೆ, ಇಂಥವರಿಗೆ ಮಾರುತ್ತಿದ್ದೇವೆ ಅಂತ ಅವರ ಹೆಸರು ವಿಳಾಸ ಸಮೇತ ಜಿಲ್ಲಾಧಿಕಾರಿಗೋ ಹತ್ತಿರದ ಠಾಣಾಧಿಕಾರಿಗೋ ಬರೆದು ಕೊಡಬೇಕು. ಕೊಟ್ಟ ಮೇಲೆ 45 ದಿನ ಕಾಯಬೇಕು. ಅರ್ಜಿಯ ಒಂದು ಪ್ರತಿಗೆ ಸೀಲು ಹಾಕಿಸಿಕೊಂಡು ಬನ್ನಿ, ದಿನ ಎಣಿಸೋದು ಆ ಸೀಲಿನಿಂದ. 2021ರಿಂದ ಕೂಡ್ಲಿಗಿ ವಿಜಯನಗರ ಜಿಲ್ಲೆಗೆ ಸೇರಿರೋದರಿಂದ ಅವರ ಕಡೆಯ ಕಾಗದ ಹೊಸಪೇಟೆಯಲ್ಲಿ, ನಮ್ಮದು ಬಳ್ಳಾರಿಯಲ್ಲಿ. ಅವರ ಲೈಸೆನ್ಸಿನಲ್ಲಿ ರೈಫಲ್ ಹತ್ತಬೇಕು, ಅಪ್ಪನ ಲೈಸೆನ್ಸಿನಿಂದ ಇಳಿಯಬೇಕು, ಎರಡೂ ಕಂಪ್ಯೂಟರಿನಲ್ಲೂ ಆಗಬೇಕು. ನಾನು ಅಡ್ವಾನ್ಸ್ ಅಂತ ಐದು ಸಾವಿರ ಮಾತ್ರ ತಗೊಂಡೆ, ಕಾಗದ ಆಗದಿದ್ದರೆ ವಾಪಸ್ ಅಂತ ಬರೆದು ಕೊಟ್ಟೆ. ಉಳಿದದ್ದು ಬ್ಯಾಂಕ್ ಮೂಲಕ.

ಇದೆಲ್ಲ ಸಲೀಸಾಗಿದ್ದು ಅಪ್ಪನ ಲೈಸೆನ್ಸಿಗೆ ಇನ್ನೂ ಅವಧಿ ಇದ್ದದ್ದರಿಂದ. ಮನೆಯಲ್ಲಿ ಹಿರಿಯರ ಬಂದೂಕು ಇದ್ದವರು ದಯವಿಟ್ಟು ಇದೊಂದು ನೋಡಿಕೊಳ್ಳಿ. ಲೈಸೆನ್ಸ್ ಮುಗಿದರೆ, ಇಲ್ಲವೇ ಲೈಸೆನ್ಸ್‌ದಾರರು ತೀರಿಕೊಂಡರೆ, ಬಂದೂಕನ್ನು ತಡ ಮಾಡದೆ ಠಾಣೆಗೋ ಅಂಗಡಿಗೋ ಒಪ್ಪಿಸಲೇಬೇಕು. ಆಮೇಲೆ ಮಾರಬಹುದು, ಆದರೆ ಕೊಳ್ಳುವವರಿಗೆ ಗೊತ್ತಿರುತ್ತದೆ ನಿಮಗೆ ಬೇರೆ ದಾರಿ ಇಲ್ಲ ಅಂತ. 20 ಸಾವಿರ ಅನ್ನೋ ರೇಟು ಹುಟ್ಟೋದೇ ಅಲ್ಲಿ.

ಉಳಿದಿದ್ದ ಕಾಡತೂಸುಗಳನ್ನೂ ಸುಬೇದಾರರೇ ತಗೊಂಡರು, ಅದನ್ನೂ ಲೆಕ್ಕ ಬರೆಸಿಯೇ. ಪುಣೆಯ ಖಡ್ಕಿ ಕಾರ್ಖಾನೆಯವು, ಕೆಲವಕ್ಕೆ ಹಸಿರು ಕಿಲುಬು ಹಿಡಿದಿತ್ತು. ಅವನ್ನು ಬೇರೆ ತೆಗೆದಿಟ್ಟು, ಇವನ್ನು ಹೊಡೆಯಲ್ಲ, ಠಾಣೆಗೆ ಕೊಡ್ರಿ ಅಂದರು.

ಸುದ್ದಿ ಊರಿನಲ್ಲಿ ಹಬ್ಬಿ, ಸುಮ್ನೆ ಸ್ಟೇಷನ್ನಿಗೆ ಒಪ್ಪಿಸು ಅಂದಿದ್ದ ಅದೇ ಕಾಕಾ ಈಗ ತನ್ನ ತಾತನ ಕಾಲದ ವೆಬ್ಲಿ ಅಂಡ್ ಸ್ಕಾಟ್ ಜೋಡಿ ನಳಿಗೆ ಹಿಡಿದು ಕೂತಿದ್ದಾನೆ. ಇಂಗ್ಲೆಂಡಿನದು, ಆರು ಲಕ್ಷ ಬೇಕು ಅಂತಾನೆ. ಬರಬಹುದೇನೋ ಕಾಕಾ, ಒಳಗೆ ಟಾರ್ಚ್ ಬಿಟ್ಟು ನೋಡೋಣ ತಾ ಅಂದೆ. ನಳಿಗೆ ಮಡಚಿ ಬೆಳಕಿಗೆ ಹಿಡಿದರೆ ಎಡಗಡೆ ನಳಿಗೆಯಲ್ಲಿ ಕಣಜದ ಹುಳ ಮಣ್ಣಿನ ಗೂಡು ಕಟ್ಟಿದೆ. ಅದನ್ನು ತೆಗೆದ ಮೇಲೆ ರೇಟು ಮಾತಾಡೋಣ ಅಂತ ಹೇಳಿ ಬಂದಿದ್ದೇನೆ.